ಕಾರು ತೊಳೆಯಿರಿ, ಪೇಂಟ್ ಉಜ್ಜಬೇಡಿ

ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ನಿಮ್ಮ ಕಾರಿನ ಬಾನೆಟ್ ಮೇಲೆ ಒಮ್ಮೆ ಕಣ್ಣು ಹಾಯಿಸಿ. ಕಾರು ಕಪ್ಪು ಅಥವಾ ಕಡು ನೀಲಿ ಬಣ್ಣದ್ದಾದರೆ ಬೆಳಕಿನ ಸುತ್ತ ಜೇಡರ ಬಲೆಯಂತೆ ಸಣ್ಣ ಗೀರುಗಳು ಕಾಣುತ್ತವೆ. ಬಿಳಿ ಕಾರಿನಲ್ಲೂ ಇರುತ್ತವೆ, ಕಾಣುವುದಿಲ್ಲ ಅಷ್ಟೇ. ಇವೆಲ್ಲ ರಸ್ತೆಯಲ್ಲಿ ಆದವು ಅಂತ ಅಂದುಕೊಂಡಿದ್ದೀರಾ? ಇಲ್ಲ, ಬಹುಪಾಲು ನಿಮ್ಮ ಮನೆ ಮುಂದೆಯೇ, ದಿನಾ ಬೆಳಿಗ್ಗೆ ಒರೆಸುವಾಗ ಆದವು.

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಒಂದು ಪಾರದರ್ಶಕ ಪದರ ಇರುತ್ತದೆ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗವೂ ಕಷ್ಟ. ಹೊಳಪು ಇರುವುದೇ ಅಲ್ಲಿ. ನಮ್ಮ ಧೂಳಿನಲ್ಲಿ ಸಣ್ಣ ಮರಳಿನ ಕಣಗಳು ಇದ್ದೇ ಇರುತ್ತವೆ. ಒಣ ಬಟ್ಟೆಯಿಂದ ಒರೆಸಿದರೆ ಆ ಮರಳನ್ನು ಬಣ್ಣದ ಮೇಲೆ ಎಳೆದಾಡಿದಂತೆಯೇ ಆಯಿತು. ಅಪಾರ್ಟ್‌ಮೆಂಟಿನಲ್ಲಿ ಕಾರು ಒರೆಸಲು ಬರುವವರನ್ನು ಬೈದು ಪ್ರಯೋಜನವಿಲ್ಲ. ಬೆಳಗಾಗುವುದರೊಳಗೆ ಹತ್ತಾರು ಕಾರು ಮುಗಿಸಬೇಕು, ಇರುವುದು ಒಂದು ಬಕೆಟ್, ಒಂದು ಬಟ್ಟೆ, ಪಾಪ ಅವರಾದರೂ ಏನು ಮಾಡಿಯಾರು? "ಗಾಜು ಮಾತ್ರ ಒರೆಸಿ ಸಾಕು, ಬಾಡಿ ಮುಟ್ಟಬೇಡಿ" ಅಂತ ಹೇಳಿ, ಕೊಡುವ ದುಡ್ಡು ಅಷ್ಟೇ ಕೊಡಿ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ನೀವೇ ಸರಿಯಾಗಿ ತೊಳೆದುಕೊಳ್ಳಿ.

ಮೊದಲು ನೀರಿನ ವಿಷಯ. ಬೆಂಗಳೂರಿನಲ್ಲಿ 2024ರ ಮಾರ್ಚಿನಲ್ಲಿ ಬರ ಬಂದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ದಂಡದ ಮಾತು ಬಿಡಿ, ಪೈಪ್ ಬಿಟ್ಟುಕೊಂಡು ಕಾರು ತೊಳೆಯುವ ಅಗತ್ಯವೇ ಇಲ್ಲ, ನಾಲ್ಕೈದು ಬಕೆಟ್ ನೀರಿನಲ್ಲಿ ಕೆಲಸ ಮುಗಿಯುತ್ತದೆ. ಬೋರ್‌ವೆಲ್ ನೀರು ಆಗುತ್ತದೆ, ಆದರೆ ಗಡಸು ನೀರಾದ್ದರಿಂದ ಒಣಗಲು ಬಿಟ್ಟರೆ ಬಿಳಿ ಕಲೆ ಗ್ಯಾರಂಟಿ. ಆರ್‌ಓ ಫಿಲ್ಟರ್ ಕುಡಿಯುವ ನೀರನ್ನು ಶುದ್ಧ ಮಾಡಿ ಹೊರಗೆ ಬಿಡುವ ವ್ಯರ್ಥ ನೀರನ್ನು ತುಂಬಾ ಜನ ಕಾರಿಗೆ ಅಂತಲೇ ಹಿಡಿದಿಡುತ್ತಾರೆ. ಒಳ್ಳೆಯ ಬುದ್ಧಿಯೇ, ಆದರೆ ಅದರಲ್ಲಿ ಲವಣ ಇನ್ನೂ ಜಾಸ್ತಿ. ಹಾಗಾಗಿ ಅದು ಟೈರಿಗೆ, ಚಕ್ರಕ್ಕೆ ಇರಲಿ. ಕೊನೆಯ ಸಲ ಸುರಿಯಲು ಮಳೆ ನೀರು ಅಥವಾ ಎಸಿಯಿಂದ ತೊಟ್ಟಿಕ್ಕುವ ನೀರು ಸಿಕ್ಕರೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಕಲೆಯೇ ಉಳಿಯುವುದಿಲ್ಲ.

ಇನ್ನು ಕೆಲಸಕ್ಕೆ ಇಳಿಯಿರಿ. ಬೆಳಿಗ್ಗೆ ಬೇಗ, ಅಥವಾ ನೆರಳಿನಲ್ಲಿ. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ, ಬಿಸಿ ಇದ್ದರೆ ಕಾಯಿರಿ, ಇಲ್ಲದಿದ್ದರೆ ಶಾಂಪೂ ಅಲ್ಲೇ ಒಣಗಿ ಕೂರುತ್ತದೆ. ಚಕ್ರಗಳನ್ನು ಮೊದಲು ತೊಳೆಯಿರಿ, ಅವುಗಳಿಗೆ ಬೇರೆ ಬ್ರಶ್, ಬೇರೆ ಬಟ್ಟೆ. ಬ್ರೇಕಿನ ಪುಡಿ ಇರುವ ಬಟ್ಟೆ ಯಾವ ಕಾರಣಕ್ಕೂ ಬಾನೆಟ್ ಮೇಲೆ ಹೋಗಬಾರದು.

ಆಮೇಲೆ ಬಟ್ಟೆ ಮುಟ್ಟಿಸದೆ ಬರೀ ನೀರು ಸುರಿಯಿರಿ, ರೂಫಿನಿಂದ ಕೆಳಕ್ಕೆ. ಎರಡು ನಿಮಿಷ ನೆನೆಯಲಿ, ಮತ್ತೊಮ್ಮೆ ಸುರಿಯಿರಿ. ಎಲ್ಲರೂ ಅವಸರ ಮಾಡುವುದು ಇಲ್ಲೇ. ನಿಜ ಹೇಳಬೇಕೆಂದರೆ ಅರ್ಧ ಕೆಲಸ ಆಗುವುದೂ ಇಲ್ಲೇ, ಯಾಕೆಂದರೆ ನೀರಿನಲ್ಲಿ ಹರಿದುಹೋದ ಮರಳು ಗೀರು ಹಾಕುವುದಿಲ್ಲ.

ಈಗ ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಕಾರ್ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಕೈಗವಸನ್ನು ಶಾಂಪೂವಿನಲ್ಲಿ ಅದ್ದಿ, ಒಂದು ಭಾಗ ತೊಳೆದು, ಬರೀ ನೀರಿನ ಬಕೆಟಿನಲ್ಲಿ ಚೆನ್ನಾಗಿ ಜಾಲಿಸಿ, ಆಮೇಲೆ ಮತ್ತೆ ಶಾಂಪೂವಿಗೆ. ಕೊಳೆಯೆಲ್ಲ ಎರಡನೇ ಬಕೆಟಿನ ತಳದಲ್ಲಿ ನಿಲ್ಲುತ್ತದೆ, ಕೊನೆಯಲ್ಲಿ ಬಗ್ಗಿ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಮೊದಲು ರೂಫ್, ಆಮೇಲೆ ಬಾನೆಟ್, ಡಿಕ್ಕಿ, ಬಾಗಿಲು, ಬಂಪರ್ ಕೊನೆಗೆ. ಸುತ್ತಿ ಸುತ್ತಿ ಉಜ್ಜಬೇಡಿ, ನೇರವಾಗಿ ಎಳೆಯಿರಿ, ಭಾರ ಹಾಕಬೇಡಿ. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ಹಿಂದೆ ರಕ್ಷಣೆಗೆ ಅಂತ ಹಚ್ಚಿದ್ದ ವ್ಯಾಕ್ಸನ್ನೂ (ಮೇಣದ ಪಾಲಿಶ್) ಅದು ತೊಳೆದು ಹಾಕುತ್ತದೆ. ಬಟ್ಟೆ ಸೋಪಿನ ಪುಡಿಯಂತೂ ಬೇಡವೇ ಬೇಡ. ಹೊಳಪಿಗೆ ಅಂತ ಸೀಮೆಎಣ್ಣೆ, ಡೀಸೆಲ್ ಹಚ್ಚುವ ಅಭ್ಯಾಸ ಇನ್ನೂ ಕೆಲವರಿಗಿದೆ. ಆ ಹೊಳಪು ಎಣ್ಣೆಯದು, ಪೇಂಟಿನದಲ್ಲ, ಸಂಜೆಯೊಳಗೆ ಊರಿನ ಧೂಳೆಲ್ಲ ಬಂದು ಅಂಟಿಕೊಳ್ಳುತ್ತದೆ.

ಶಾಂಪೂ ಒಣಗುವ ಮೊದಲೇ ನೀರು ಹಾಕಿ. ಒಣಗಿಸಲು ದೊಡ್ಡ, ದಪ್ಪನೆಯ ಮೈಕ್ರೋಫೈಬರ್ ಟವೆಲ್ ಬೇಕು. ಹಳೆ ಬನಿಯನ್ ಬೇಡ. ಟವೆಲನ್ನು ಬಾನೆಟ್ ಮೇಲೆ ಹಾಸಿ, ಎರಡು ತುದಿ ಹಿಡಿದು ಮೆಲ್ಲಗೆ ಎಳೆದುಕೊಳ್ಳಿ, ನೀರನ್ನು ಅದೇ ಹೀರಿಕೊಳ್ಳುತ್ತದೆ. ಬಾಗಿಲು, ಡಿಕ್ಕಿ ತೆಗೆದು ಅಂಚು ಒರೆಸಿ. ಕನ್ನಡಿಯ ಸಂದಿಯಲ್ಲಿ ನಿಂತ ನೀರು ಆಮೇಲೆ ಗೆರೆಗೆರೆಯಾಗಿ ಇಳಿಯುತ್ತದೆ, ಅದನ್ನೂ ನೋಡಿ. ತೊಳೆದ ತಕ್ಷಣ ನಿಲ್ಲಿಸಿಬಿಡದೆ ಒಂದು ಸಣ್ಣ ಸುತ್ತು ಹೋಗಿ ಬನ್ನಿ, ಬ್ರೇಕ್ ಡಿಸ್ಕ್ ಒಣಗುತ್ತದೆ.

ಹಕ್ಕಿ ಹಿಕ್ಕೆಗೆ ಮಾತ್ರ ಭಾನುವಾರದ ತನಕ ಕಾಯಬೇಡಿ, ಬಿಸಿಲಿಗೆ ಅದು ಕ್ಲಿಯರ್ ಕೋಟನ್ನು ತಿಂದು ಗುರುತು ಬಿಡುತ್ತದೆ. ಉಗುರು ಹಾಕಿ ಕೆರೆಯುವುದೂ ಬೇಡ. ಒದ್ದೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲಿಟ್ಟು, ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ. ಮರದ ಅಂಟಿಗೂ ಇದೇ ಉಪಾಯ, ಸ್ವಲ್ಪ ಬಿಸಿ ನೀರು ಬೇಕಾಗಬಹುದು. ಗಡಸು ನೀರಿನ ಕಲೆಗೆ ಬಿಳಿ ವಿನಿಗರ್ ಮತ್ತು ನೀರು ಸಮಸಮ ಬೆರೆಸಿ ಬಟ್ಟೆಯಲ್ಲಿ ಹಚ್ಚಿ, ಒಂದು ನಿಮಿಷದೊಳಗೆ ತೊಳೆದುಬಿಡಿ. ಆಯುಧ ಪೂಜೆಯ ಅರಿಶಿನ, ಕುಂಕುಮ, ಗಂಧವನ್ನೂ ವಾರಗಟ್ಟಲೆ ಬಿಡಬೇಡಿ. ಮಾರನೆಯ ದಿನ ತೊಳೆದರೆ ದೇವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ ಅಲ್ವಾ? ಹಾರ ಕಟ್ಟಲು ಟೇಪ್ ಬದಲು ದಾರ ಬಳಸಿ.

ಪೇಂಟಿಗೆ ರಕ್ಷಣೆ ಬೇಕೆಂದರೆ ವ್ಯಾಕ್ಸ್ ಸಾಕು. ತೊಳೆದು ಒಣಗಿಸಿದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಸವರಿ. ತರಿತರಿಯಾಗಿದ್ದರೆ ಮೊದಲು ಕ್ಲೇ ಬಾರನ್ನು, ಅಂದರೆ ಅಂಟಿದ ಕೊಳೆ ಎತ್ತುವ ಮೆತ್ತನೆಯ ಜೇಡಿಮಣ್ಣಿನಂಥ ಉಂಡೆಯನ್ನು, ಜಾರುವ ದ್ರವದ ಜೊತೆ ಉಜ್ಜಿ ಕೊಳೆ ಎತ್ತಬೇಕು. ನುಣುಪಾಗಿದ್ದರೆ ನೇರ ವ್ಯಾಕ್ಸ್. ತೆಳುವಾಗಿ ಹಚ್ಚಿ, ಮಂಜು ಕವಿದಂತಾದ ಮೇಲೆ ಒರೆಸಿ ತೆಗೆಯಿರಿ. ದಪ್ಪ ಹಚ್ಚಿದರೆ ಜಾಸ್ತಿ ದಿನ ಬರುವುದಿಲ್ಲ, ತೆಗೆಯುವ ಕಷ್ಟ ಜಾಸ್ತಿ ಅಷ್ಟೇ. ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳು ನಿಂತರೆ ದೊಡ್ಡದು. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲಕ್ಕೆ ಮುಂಚೆ ಒಮ್ಮೆ ಹಚ್ಚಲಿ, ಮತ್ತು ಉಪ್ಪುಗಾಳಿ ಇರುವುದರಿಂದ ಕಾರಿನ ಅಡಿಭಾಗಕ್ಕೂ ನೀರು ಹೊಡೆಯಲಿ. ಪೇಂಟಿನ ಮೇಲೆ ಗಟ್ಟಿಯಾಗಿ ಕೂರುವ ದ್ರವ ಲೇಪನವಾದ ಸೆರಾಮಿಕ್ ಕೋಟಿಂಗ್ ಜಾಸ್ತಿ ದಿನ ಬರುತ್ತದೆ ನಿಜ. ಆದರೆ ಅದನ್ನು ಹಾಕಿಸಿದರೆ ಗೀರೇ ಬೀಳುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಒಣ ಬಟ್ಟೆಯಲ್ಲಿ ಒರೆಸಿದರೆ ಅದರ ಮೇಲೂ ಬೀಳುತ್ತದೆ.

ಧೂಳು ಕೂತ ಕಾರಿನ ಮೇಲೆ ಕವರ್ ಹಾಕುವುದೂ ಒರೆಸಿದಂತೆಯೇ. ಗಾಳಿ ಬಂದಾಗಲೆಲ್ಲ ಕವರ್ ಆಡಿ ಉಜ್ಜುತ್ತದೆ.

ಮೈಕ್ರೋಫೈಬರ್ ಬಟ್ಟೆಗಳನ್ನು ಮನೆಯ ಹತ್ತಿ ಬಟ್ಟೆಗಳ ಜೊತೆ ಮೆಶಿನ್‌ಗೆ ಹಾಕಬೇಡಿ, ನೂಲು ಹಿಡಿದುಕೊಳ್ಳುತ್ತದೆ. ಘಮಘಮ ಕಂಡೀಷನರ್ ಕೂಡ ಬೇಡ, ನೀರು ಹೀರುವ ಗುಣವೇ ಹೋಗುತ್ತದೆ. ತೊಳೆಯುವಾಗ ಬಟ್ಟೆ ಕೈಜಾರಿ ನೆಲಕ್ಕೆ ಬಿತ್ತೋ, ಕೊಡವಿ ಮತ್ತೆ ಬಳಸಬೇಡಿ, ಅವತ್ತಿಗೆ ಅದು ಟೈರಿನ ಬಟ್ಟೆ.