ಊರಾಚೆ ಮದುವೆ, ಮನೆಯಲ್ಲಿ ಸಂತೋಷಕೂಟ

ಡೆಸ್ಟಿನೇಷನ್ ವೆಡ್ಡಿಂಗ್, ಅಂದರೆ ದೂರದ ಊರಿನಲ್ಲಿ ಇಟ್ಟುಕೊಂಡ ಮದುವೆ, ಮುಗಿಸಿ ಬಂದ ಮೇಲೆ ಮನೆಯಲ್ಲಿ ಇಟ್ಟುಕೊಳ್ಳುವ ಕೂಟ ಅಲ್ಲಿಗೆ ಬರಲಾಗದವರದು. ಪ್ರಯಾಣ ತಾಳಲಾರದ ಹಿರಿಯರು, ರಜೆ ಸಿಗದ ಗೆಳೆಯರು, ಎಳೆಗೂಸಿನ ತಾಯಿ, ಪಕ್ಕದ ಮನೆಯವರು, ಮತ್ತೆ ಪಟ್ಟಿಯಲ್ಲಿ ಜಾಗವಿಲ್ಲದೆ ನೀವೇ ಕೈಬಿಟ್ಟವರು. ಈ ಕೊನೆಯವರ ಮನಸ್ಸು ಹೇಳಿಕೊಳ್ಳದಿದ್ದರೂ ಒಂದಿಷ್ಟು ನೊಂದಿರುತ್ತದೆ. ಅವರಿಗೆ ಮೊಬೈಲ್ ಸಂದೇಶವೊಂದೇ ಸಾಲದು. ನವದಂಪತಿಯೇ ಫೋನ್ ಮಾಡಿ, ಸಾಧ್ಯವಾದರೆ ಮನೆಗೇ ಹೋಗಿ ಕರೆಯಲಿ.

ಊರಿಗೆ ಬಂದ ಮರುದಿನವೇ ಕೂಟ ಬೇಡ. ಎರಡು ವಾರ ದಣಿವಾರಿಸಿಕೊಳ್ಳಿ, ಎರಡು ತಿಂಗಳು ಮೀರಲು ಬಿಡಬೇಡಿ. ತಡವಾದಷ್ಟೂ ಸಂಭ್ರಮ ಆರುತ್ತದೆ. ಮದುವೆ ಆಗಿಹೋಗಿದೆ, ಇದು ಭೇಟಿ ಮತ್ತು ಊಟ ಎಂದು ಆಹ್ವಾನದಲ್ಲೇ ಸ್ಪಷ್ಟವಾಗಿರಲಿ.

ಇನ್ನು ನಾನು ಒತ್ತಿ ಹೇಳಬೇಕಾದ ಮಾತು. ಅರವತ್ತು ಜನ ಬಂದು, ಪ್ರತಿಯೊಬ್ಬರೊಂದಿಗೆ ದಂಪತಿ 3 ನಿಮಿಷ ಮಾತನಾಡಿದರೂ 3 ಗಂಟೆ ಬೇಕು. ಎಲ್ಲರನ್ನೂ ಒಂದೇ ಹೊತ್ತಿಗೆ ಕರೆದರೆ ಅರ್ಧಕ್ಕರ್ಧ ಮಂದಿ ದೂರದಿಂದ ಕೈಬೀಸಿ ಹೊರಡುತ್ತಾರೆ. ಆದ್ದರಿಂದ ಬೆಳಗ್ಗೆ ಹಿರಿಯರು ಮತ್ತು ಬಂಧುಗಳು, ಸಂಜೆ ಗೆಳೆಯರು ಎಂದು ಎರಡು ಸರದಿ ಮಾಡಿ. ಸಣ್ಣ ಮನೆಗೂ ಅದೇ ಅನುಕೂಲ. ದಂಪತಿಯನ್ನು ಅಲಂಕರಿಸಿದ ಕುರ್ಚಿಯಲ್ಲಿ ಕೂರಿಸಬೇಡಿ. ಅವರೇ ಒಬ್ಬೊಬ್ಬರ ಬಳಿಗೆ ಹೋಗಿ ಕುಳಿತು ಮಾತನಾಡಲಿ. ಬಡಿಸುವ, ಬಾಗಿಲು ಕಾಯುವ ಕೆಲಸವನ್ನು ಅವರ ಮೇಲೆ ಖಂಡಿತ ಹಾಕಕೂಡದು. ಮದುವೆಯ ಉಡುಪನ್ನೇ ಮತ್ತೆ ತೊಟ್ಟರೆ ಬಂದವರಿಗೆ ಖುಷಿ. ಅಲ್ಲಿ ನೋಡಲಾಗದ್ದನ್ನು ಇಲ್ಲಿ ನೋಡಿದಂತಾಗುತ್ತದೆ.

ಮದುವೆಯ ವಿಡಿಯೊವನ್ನು ಎಲ್ಲರನ್ನೂ ಕೂರಿಸಿ ಪೂರ್ತಿ ತೋರಿಸುವ ಆಸೆ ಬಿಡಿ. ಹತ್ತು ನಿಮಿಷದ ತುಣುಕನ್ನು ಮೂಲೆಯ ಟಿವಿಯಲ್ಲಿ ಹಾಕಿಟ್ಟರೆ ಬೇಕಾದವರು ನೋಡುತ್ತಾರೆ. ಅಲ್ಲಿನ ವೈಭವವನ್ನು ಬಣ್ಣಿಸುತ್ತ "ನೀವು ಇರಬೇಕಿತ್ತು" ಎಂದು ಯಾರೂ ಹೇಳದಂತೆ ಮನೆಯವರಿಗೆಲ್ಲ ಮೊದಲೇ ತಿಳಿಸಿ. ಪ್ರೀತಿಯಿಂದ ಆಡಿದರೂ ಚುಚ್ಚುವ ಮಾತು ಅದು.

ಅಡುಗೆ ಸರಳವಾಗಿರಲಿ. ಮೇಜನ್ನು ಗೋಡೆಗೆ ತಾಗಿಸದೆ ನಡುವೆ ಇಟ್ಟು ಎರಡೂ ಬದಿಯಿಂದ ಬಡಿಸಿಕೊಳ್ಳುವಂತೆ ಮಾಡಿದರೆ ಸಾಲು ಬೇಗ ಕರಗುತ್ತದೆ. ಬೇಯಿಸಿದ ಪದಾರ್ಥ ಹೊರಗೆ 2 ಗಂಟೆಗಿಂತ ಹೆಚ್ಚು ಇರಬಾರದು; ಸೆಖೆ 32 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಒಂದೇ ಗಂಟೆ. ಎರಡು ಸರದಿ ಇರುವಾಗ ಬೆಳಗಿನ ಪಾತ್ರೆಯನ್ನೇ ಸಂಜೆಯವರೆಗೆ ಮೇಜಿನ ಮೇಲೆ ಬಿಡಬೇಡಿ. ಕೆಲವು ಬ್ಯಾಕ್ಟೀರಿಯಾಗಳು ಬಿಟ್ಟ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಉಳಿದದ್ದನ್ನು ಅಗಲವಾದ, ಆಳವಿಲ್ಲದ ಪಾತ್ರೆಗಳಿಗೆ ಹಂಚಿ ಬೇಗ ಫ್ರಿಜ್‌ಗೆ ಸೇರಿಸಿ. ಬಿಸಿ ಮಾಡುವ ಎರಡು ವಿದ್ಯುತ್ ಉಪಕರಣಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಸಿಕ್ಕಿಸುವುದೂ ಬೇಡ.

ಹಿರಿಯರಿಗೆ ಕೈಯಿರುವ ಗಟ್ಟಿ ಕುರ್ಚಿಗಳನ್ನು ಶೌಚಾಲಯಕ್ಕೆ ಹತ್ತಿರವಾಗಿ ಹಾಕಿ. ತಗ್ಗಾದ ಸೋಫಾದಿಂದ ಏಳುವುದು ಅವರಿಗೆ ಕಷ್ಟ. ಹಾಲೂಡಿಸುವ ತಾಯಂದಿರಿಗೆ, ಮಲಗುವ ಮಕ್ಕಳಿಗೆ ಒಂದು ಕೋಣೆ ಖಾಲಿ ಇರಲಿ. ಒಡವೆ, ಕಾಗದಪತ್ರ ಇರುವ ಕೋಣೆಗೆ ಬೀಗ ಹಾಕಿ. ವಾಹನಗಳು ಬರುತ್ತವೆ, ಗದ್ದಲವಿರುತ್ತದೆ ಎಂದು ನೆರೆಯವರಿಗೆ ಮುಂಚಿತವಾಗಿ ಹೇಳಿ, ಅವರನ್ನೂ ಕರೆಯಿರಿ.

ಉಡುಗೊರೆ ತಂದವರ ಹೆಸರನ್ನು ಆಗಲೇ ಬರೆದಿಡಲು ಒಬ್ಬರನ್ನು ನೇಮಿಸಿ. ರಾತ್ರಿ ಕುಳಿತು ನೆನಪಿಸಿಕೊಂಡರೆ ಒಂದೆರಡು ಹೆಸರು ತಪ್ಪಿಯೇ ಹೋಗುತ್ತದೆ. ಈ ಕೂಟಕ್ಕೂ ಬರಲಾಗದ ಹಿರಿಯರಿದ್ದರೆ ಆ ವಾರದೊಳಗೆ ದಂಪತಿಯನ್ನು ಅವರ ಮನೆಗೆ ಕಳುಹಿಸಿಕೊಡಿ.