ಕ್ಯಾಲಿಫೋರ್ನಿಯಾದಲ್ಲಿ ಲರ್ನರ್ ಪರ್ಮಿಟ್: ಲಿಖಿತ ಪರೀಕ್ಷೆಗೆ ಓದಿಕೊಳ್ಳುವುದು ಹೇಗೆ?

ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ವರ್ಷಗಟ್ಟಲೆ ಕಾರು ನುಗ್ಗಿಸಿ ಪಳಗಿದವರು ಕ್ಯಾಲಿಫೋರ್ನಿಯಾದ ಲಿಖಿತ ಪರೀಕ್ಷೆಯಲ್ಲಿ ಫೇಲಾದರೆ ಅಚ್ಚರಿಪಡಬೇಕಾಗಿಲ್ಲ. ಅವರು ಅನುಭವದಿಂದ ಉತ್ತರಿಸುತ್ತಾರೆ, ಪ್ರಶ್ನೆಗಳು ಬರುವುದು ಕೈಪಿಡಿಯಿಂದ. ಜೀವನದಲ್ಲಿ ಸ್ಟಿಯರಿಂಗ್ ಮುಟ್ಟದ ಹದಿಹರೆಯದವರಿಗೆ ಈ ತೊಡಕಿಲ್ಲ. ಮರೆಯಬೇಕಾದದ್ದು ಏನೂ ಇರುವುದಿಲ್ಲ. ಆದ್ದರಿಂದ ಹಳಬರಿಗೆ ನನ್ನ ಸಲಹೆ ಒಂದೇ: ಪುಸ್ತಕ ತೆರೆಯುವಾಗ ನಿಮಗೆ ಕಾರು ಓಡಿಸಲು ಬರುವುದೇ ಇಲ್ಲ ಎಂದುಕೊಂಡು ಓದಿ.

ಅಮೆರಿಕದಲ್ಲಿ ಪರವಾನಗಿ ಆಯಾ ರಾಜ್ಯದ ವಿಷಯ. ಟೆಕ್ಸಾಸ್‌ನಲ್ಲಿರುವ ಭಾವಮೈದುನ ಫೋನಿನಲ್ಲಿ ಹೇಳಿಕೊಟ್ಟ ನಿಯಮ ಕ್ಯಾಲಿಫೋರ್ನಿಯಾದಲ್ಲಿ ತಪ್ಪುತ್ತರವಾಗಬಹುದು. ಈ ಲೇಖನ ಕ್ಯಾಲಿಫೋರ್ನಿಯಾಕ್ಕೆ, ಅದರಲ್ಲೂ ಸಾಮಾನ್ಯ ಕಾರಿನ ಕ್ಲಾಸ್ ಸಿ ಪರವಾನಗಿಗೆ ಸೀಮಿತ.

ಯಾರು ಬರೆಯಬೇಕು, ಎಷ್ಟು ಪ್ರಶ್ನೆ?

ಮೊಮ್ಮಗುವನ್ನು ನೋಡಲು ಬಂದ ಅಜ್ಜ ಈ ಪರೀಕ್ಷೆ ಬರೆಯಬೇಕಾಗಿಲ್ಲ. ಹದಿನೆಂಟು ದಾಟಿದ ಪ್ರವಾಸಿಗರು ಊರಿನ ಚಾಲ್ತಿಯಲ್ಲಿರುವ ಲೈಸೆನ್ಸ್ ಇಟ್ಟುಕೊಂಡು ಓಡಿಸಬಹುದು. ಅಂತರರಾಷ್ಟ್ರೀಯ ಪರ್ಮಿಟ್ ಒಂದನ್ನೇ ತೋರಿಸಿದರೆ ಮಾತ್ರ ಪ್ರಯೋಜನವಿಲ್ಲ. ಈ ರಾಜ್ಯ ಅದನ್ನು ಲೈಸೆನ್ಸ್ ಎಂದು ಪರಿಗಣಿಸುವುದಿಲ್ಲ. ಕೆಲಸ ಹಿಡಿದು, ಮನೆ ಮಾಡಿ ಇಲ್ಲಿಯ ನಿವಾಸಿಯಾದವರು ಹತ್ತು ದಿನದೊಳಗೆ ಕ್ಯಾಲಿಫೋರ್ನಿಯಾ ಪರವಾನಗಿಗೆ ಅರ್ಜಿ ಹಾಕಬೇಕು. ಭಾರತದ ಲೈಸೆನ್ಸ್ ಎಷ್ಟು ಹಳೆಯದಾದರೂ ಲಿಖಿತ ಪರೀಕ್ಷೆ, ರಸ್ತೆ ಪರೀಕ್ಷೆ ಎರಡರಿಂದಲೂ ವಿನಾಯಿತಿ ಇಲ್ಲ.

ಹದಿನೆಂಟು ತುಂಬಿದವರಿಗೆ 36 ಪ್ರಶ್ನೆ, 30 ಸರಿಯಾಗಬೇಕು. ಹದಿನೆಂಟರ ಒಳಗಿನವರಿಗೆ 46 ಪ್ರಶ್ನೆ, 38 ಸರಿಯಾಗಬೇಕು. ಪ್ರತಿ ಪ್ರಶ್ನೆಗೂ ಮೂರು ಉತ್ತರಗಳಿರುತ್ತವೆ, ಒಂದನ್ನು ಆರಿಸಬೇಕು. ಒಂದು ಅರ್ಜಿಗೆ ಮೂರು ಅವಕಾಶ. ಫೇಲಾದ ಕಿರಿಯರು ಮತ್ತೆ ಬರೆಯಲು ಏಳು ದಿನ ಕಾಯಬೇಕು. ಪಂಜಾಬಿ, ಹಿಂದಿಯಲ್ಲಿ ಕೈಪಿಡಿ ಸಿಗುತ್ತದೆ, ಕನ್ನಡದಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್‌ನಲ್ಲೇ ಬರೆಯುತ್ತಾರೆ, ಭಾಷೆ ಕಠಿಣವೇನಲ್ಲ.

ಅರ್ಜಿ ಮತ್ತು ಹೆಸರಿನ ಗೋಜಲು

ಇಲ್ಲಿಯ ಆರ್‌ಟಿಓಗೆ ಡಿಎಂವಿ ಎಂದು ಹೆಸರು. ಅದರ ಜಾಲತಾಣದಲ್ಲಿ ಖಾತೆ ತೆರೆದು ಅರ್ಜಿಯನ್ನು ಮನೆಯಲ್ಲೇ ತುಂಬಿ. ಕಚೇರಿಗೆ ಹೋದಾಗ ಅರ್ಧ ಕೆಲಸ ಮುಗಿದಿರುತ್ತದೆ. ಶುಲ್ಕ ಐವತ್ತು ಡಾಲರಿನ ಒಳಗೇ ಇರುತ್ತದೆ, ಆಗಾಗ ಸ್ವಲ್ಪ ಏರುತ್ತದೆ. ಕಟ್ಟುವ ದಿನ ನೋಡಿಕೊಳ್ಳಿ. ಅರ್ಜಿಯ ಆಯುಸ್ಸು 12 ತಿಂಗಳು. ಲಿಖಿತ ಪರೀಕ್ಷೆ, ರಸ್ತೆ ಪರೀಕ್ಷೆ ಎರಡೂ ಅಷ್ಟರೊಳಗೆ ಮುಗಿಯಬೇಕು, ಇಲ್ಲವಾದರೆ ಹೊಸ ಅರ್ಜಿ, ಹೊಸ ಶುಲ್ಕ.

ಪಾಸ್‌ಪೋರ್ಟ್, ವೀಸಾ, ಐ-94 (ಅಮೆರಿಕಕ್ಕೆ ಪ್ರವೇಶಿಸಿದ ದಾಖಲೆ) ಪ್ರತಿ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ವಿಳಾಸಕ್ಕೆ ಎರಡು ದಾಖಲೆ (ಬಾಡಿಗೆ ಕರಾರು, ಬ್ಯಾಂಕಿನ ಸ್ಟೇಟ್‌ಮೆಂಟ್, ವಿದ್ಯುತ್ ಬಿಲ್ಲು ಇಂಥವು) ಜೋಡಿಸಿಕೊಳ್ಳಿ. ಎಚ್-4 ವೀಸಾದಲ್ಲಿ ಬಂದ ಸಂಗಾತಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗೆ ಅರ್ಹತೆ ಇಲ್ಲದಿದ್ದರೂ ಅರ್ಜಿ ಹಾಕಲು ಅಡ್ಡಿಯಿಲ್ಲ. ಅದನ್ನು ತಿಳಿಸಲು ಅರ್ಜಿಯಲ್ಲೇ ಜಾಗವಿದೆ. ಎಷ್ಟೋ ಗೃಹಿಣಿಯರು ಇದನ್ನು ತಿಳಿಯದೆ ತಿಂಗಳುಗಟ್ಟಲೆ ಮನೆಯಲ್ಲೇ ಕುಳಿತಿರುತ್ತಾರೆ.

ನಮ್ಮವರು ಹೆಚ್ಚಾಗಿ ಎಡವುವುದು ಹೆಸರಿನಲ್ಲಿ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಇರುವವರು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರು ಎಚ್ಚರದಿಂದಿರಬೇಕು. ಒಂದೇ ಹೆಸರಿದ್ದವರ ವೀಸಾದಲ್ಲಿ ಅದು ಸರ್‌ನೇಮ್ ಆಗಿ ಕುಳಿತು, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (‘ಮೊದಲ ಹೆಸರು ತಿಳಿಯದು’ ಎಂಬುದರ ಇಂಗ್ಲಿಷ್ ಸಂಕ್ಷೇಪ) ಎಂದು ಅಚ್ಚಾಗಿರುತ್ತದೆ. ಡಿಎಂವಿ ನಿಮ್ಮ ವಿವರವನ್ನು ಕೇಂದ್ರ ಸರ್ಕಾರದ ವಲಸೆ ದಾಖಲೆಯ ಜೊತೆ ತಾಳೆ ನೋಡುತ್ತದೆ. ಹೆಸರು ಹೊಂದದಿದ್ದರೆ ಪರೀಕ್ಷೆ ಪಾಸಾದರೂ ಕಾರ್ಡು ಬರುವುದು ತಡವಾಗುತ್ತದೆ. ಐ-94ನ್ನು ಇಳಿಸಿಕೊಂಡು ಅದರಲ್ಲಿ ಹೆಸರು ಹೇಗಿದೆಯೋ ನೋಡಿ, ಅರ್ಜಿಯಲ್ಲೂ ಹಾಗೆಯೇ ಬರೆಯಿರಿ. ಅದರಲ್ಲೇ ತಪ್ಪಿದ್ದರೆ ಮೊದಲು ಅದನ್ನು ಸರಿಪಡಿಸಿ.

ಕೈಪಿಡಿ ಓದುವ ಕ್ರಮ

ಡಿಎಂವಿಯ ಚಾಲಕರ ಕೈಪಿಡಿ ಜಾಲತಾಣದಲ್ಲಿ ಉಚಿತ. ಪ್ರಶ್ನೆಗಳೆಲ್ಲ ಅದರಿಂದಲೇ ಬರುತ್ತವೆ. ಹಣ ಕೊಟ್ಟು ‘ಖಚಿತ ಪ್ರಶ್ನೆ’ಗಳ ಆ್ಯಪ್ ಕೊಳ್ಳುವ ಅಗತ್ಯ ನನಗಂತೂ ಕಂಡಿಲ್ಲ, ಅವುಗಳಲ್ಲಿ ಎಷ್ಟೋ ಹಳೆಯ ನಿಯಮಗಳನ್ನೇ ಹೊತ್ತು ತಿರುಗುತ್ತಿರುತ್ತವೆ.

ಎರಡು ಸುತ್ತು ಓದಿ. ಮೊದಲ ಸುತ್ತು ಕತೆಯಂತೆ, ಸುಮ್ಮನೆ. ಎರಡನೆಯ ಸುತ್ತಿನಲ್ಲಿ ಪೆನ್ನು ಹಿಡಿದು, ಅಂಕಿ ಕಂಡಲ್ಲೆಲ್ಲ ಒಂದು ಹಾಳೆಗೆ ಇಳಿಸಿ. ಊರಿನಲ್ಲಿ ಓಡಿಸಿದವರು ಇನ್ನೊಂದು ಹಾಳೆ ಇಟ್ಟುಕೊಳ್ಳಿ: ‘ನಾನು ಬೇರೆಯೇ ಅಂದುಕೊಂಡಿದ್ದೆ’ ಎನ್ನಿಸಿದ ಪ್ರತಿ ನಿಯಮವೂ ಅದರಲ್ಲಿರಲಿ. ಪರೀಕ್ಷೆಯ ಹಿಂದಿನ ರಾತ್ರಿ ಆ ಎರಡು ಹಾಳೆಗಳಷ್ಟೇ ಸಾಕು.

ಅಂಕಿಗಳ ಹಾಳೆ

ವೇಗದಿಂದ ಶುರುಮಾಡಿ. ವಸತಿ ಪ್ರದೇಶ, ಅಂಗಡಿ ಬೀದಿ, ಮಕ್ಕಳಿರುವ ಹೊತ್ತಿನ ಶಾಲೆಯ ಸುತ್ತಮುತ್ತ ಗಂಟೆಗೆ 25 ಮೈಲಿ, ಅಂದರೆ ಸುಮಾರು 40 ಕಿಲೋಮೀಟರ್. ಹಿತ್ತಲ ಓಣಿಗಳಲ್ಲಿ, ಅಡ್ಡರಸ್ತೆ ಕಾಣಿಸದ ಕೂಡುರಸ್ತೆಗಳಲ್ಲಿ, ನೋಟ ಸಿಗದ ರೈಲ್ವೆ ಹಳಿಯ ಬಳಿ 15. ಮಧ್ಯೆ ವಿಭಜಕವಿಲ್ಲದ ಎರಡು ಪಥದ ರಸ್ತೆಯಲ್ಲಿ 55. ಹೆಚ್ಚಿನ ಹೆದ್ದಾರಿಗಳಲ್ಲಿ 65. ಇವೆಲ್ಲದರ ಮೇಲೆ ಒಂದು ಮೂಲ ನಿಯಮ: ಫಲಕದಲ್ಲಿ 65 ಎಂದಿದ್ದರೂ ಮಂಜು ಕವಿದಿದ್ದರೆ ಆ ವೇಗದಲ್ಲಿ ಓಡಿಸುವುದು ಅಪರಾಧ. ಇದನ್ನು ಪರೀಕ್ಷೆಯಲ್ಲಿ ಸುತ್ತಿಬಳಸಿ ಕೇಳಬಹುದು.

ಇನ್ನು ಅಡಿಗಳ ಲೆಕ್ಕ. ತಿರುಗುವ ಮೊದಲು 100 ಅಡಿ ಇರುವಾಗಲೇ ಇಂಡಿಕೇಟರ್ ಹಾಕಬೇಕು. ಎದುರಿನಿಂದ ವಾಹನ ಬರುತ್ತಿದ್ದರೆ 500 ಅಡಿಯೊಳಗೆ ಹೈ ಬೀಮ್ ಇಳಿಸಬೇಕು, ಮುಂದಿನ ವಾಹನವನ್ನು ಹಿಂಬಾಲಿಸುತ್ತಿದ್ದರೆ 300 ಅಡಿಯೊಳಗೆ. ಸೂರ್ಯ ಮುಳುಗಿ 30 ನಿಮಿಷದಿಂದ ಹುಟ್ಟುವ 30 ನಿಮಿಷ ಮೊದಲಿನವರೆಗೆ ದೀಪ ಕಡ್ಡಾಯ. ಮಳೆಗೆ ವೈಪರ್ ಓಡುತ್ತಿದ್ದರೆ ಹಗಲಿನಲ್ಲೂ. ಪಾದಚಾರಿ ದಾರಿಯಲ್ಲಿ ಮೋಟುಗಂಬದಂತೆ ನಿಂತಿರುವ ಅಗ್ನಿಶಾಮಕ ನಲ್ಲಿಯಿಂದ 15 ಅಡಿ ದೂರ ನಿಲ್ಲಿಸಬೇಕು. ನಮ್ಮ ಊರುಗಳ ಬೀದಿಬದಿಯಲ್ಲಿ ಇದನ್ನು ನೋಡಿ ರೂಢಿಯಿಲ್ಲದ ಕಾರಣ ಈ ಪ್ರಶ್ನೆ ಬಹಳ ಜನರ ಕೈತಪ್ಪುತ್ತದೆ. ಜೀಬ್ರಾ ಪಟ್ಟೆಗೆ ವಾಹನ ಬರುವ ಬದಿಯಲ್ಲಿ 20 ಅಡಿ ಬಿಡಬೇಕೆಂಬ ನಿಯಮಕ್ಕೆ 2025ರಿಂದ ದಂಡವೂ ಬೀಳುತ್ತಿದೆ. ಹಳೆಯ ಪ್ರಶ್ನೆಪಟ್ಟಿಗಳಲ್ಲಿ ಇದು ಸಿಗುವುದಿಲ್ಲ.

ರಕ್ತದಲ್ಲಿ ಮದ್ಯದ ಮಿತಿ 21 ತುಂಬಿದವರಿಗೆ 0.08 ಶೇಕಡಾ, ಅದಕ್ಕಿಂತ ಕಿರಿಯರಿಗೆ 0.01. ಅಪಘಾತದಲ್ಲಿ ಯಾರಿಗಾದರೂ ಗಾಯವಾಗಿದ್ದರೆ ಅಥವಾ ಒಂದು ಸಾವಿರ ಡಾಲರಿಗಿಂತ ಹೆಚ್ಚು ಹಾನಿಯಾಗಿದ್ದರೆ ಹತ್ತು ದಿನದೊಳಗೆ ಡಿಎಂವಿಗೆ ವರದಿ ಕೊಡಬೇಕು. ವಿಮೆಯ ಕನಿಷ್ಠ ಮೊತ್ತ 2025ರ ಜನವರಿಯಿಂದ ಬದಲಾಗಿದೆ: ಒಬ್ಬರಿಗೆ ಗಾಯವಾದರೆ 30,000 ಡಾಲರ್, ಒಬ್ಬರಿಗಿಂತ ಹೆಚ್ಚು ಜನರಿಗಾದರೆ 60,000, ಆಸ್ತಿ ಹಾನಿಗೆ 15,000. ನೀವು ಓದುತ್ತಿರುವ ಪುಸ್ತಕದಲ್ಲಿ 15,000, 30,000, 5,000 ಎಂದಿದ್ದರೆ ಅದು ಹಳೆಯದು, ಬದಿಗಿಡಿ.

ಕಾಲುದಾರಿಯ ಅಂಚಿಗೆ ಬಳಿದ ಬಣ್ಣಗಳನ್ನೂ ಇದೇ ಹಾಳೆಗೆ ಸೇರಿಸಿ. ಕೆಂಪು ಎಂದರೆ ನಿಲ್ಲಿಸುವಂತೆಯೇ ಇಲ್ಲ, ನೀಲಿ ಅಂಗವಿಕಲರ ಪರವಾನಗಿ ಇರುವವರಿಗೆ, ಹಸಿರು ಕೆಲವೇ ನಿಮಿಷಕ್ಕೆ, ಬಿಳಿ ಜನ ಹತ್ತಿಳಿಯಲು, ಹಳದಿ ಸರಕು ಅಥವಾ ಜನರನ್ನು ಹತ್ತಿಸಿ ಇಳಿಸಲು.

ಇಳಿಜಾರಿನಲ್ಲಿ ನಿಲ್ಲಿಸುವಾಗ ಚಕ್ರ ಯಾವ ಕಡೆ ತಿರುಗಿರಬೇಕು ಎಂಬುದನ್ನು ಬಾಯಿಪಾಠ ಮಾಡಲು ಹೋದರೆ ಗೊಂದಲ ಖಚಿತ. ಸ್ಯಾನ್‌ಫ್ರಾನ್ಸಿಸ್ಕೋದ ಕಡಿದಾದ ಬೀದಿಯೊಂದನ್ನು ನೆನೆದುಕೊಳ್ಳಿ. ಬ್ರೇಕ್ ಕೈಕೊಟ್ಟು ಕಾರು ಜಾರಿದರೆ ಅದು ನಡುರಸ್ತೆಗೆ ಹೋಗಬಾರದು, ಅಂಚಿನ ಕಲ್ಲಿಗೆ ಒರಗಿ ನಿಲ್ಲಬೇಕು. ಇಳಿಮುಖವಾಗಿ ನಿಲ್ಲಿಸಿದರೆ ಮುಂದಿನ ಚಕ್ರ ಅಂಚಿನ ಕಡೆಗೆ. ಏರುಮುಖವಾಗಿದ್ದರೆ ಅಂಚಿನಿಂದ ಆಚೆಗೆ, ಎಡಕ್ಕೆ. ಅಂಚುಕಲ್ಲೇ ಇಲ್ಲದಿದ್ದರೆ ಏರಾಗಲಿ ಇಳಿಜಾರಾಗಲಿ ಬಲಕ್ಕೆ, ರಸ್ತೆಯಿಂದ ಹೊರಗೆ. ಕಾರಣ ಗೊತ್ತಿದ್ದರೆ ಉತ್ತರ ತಾನಾಗಿ ಬರುತ್ತದೆ.

ಅನುಭವ ದಾರಿ ತಪ್ಪಿಸುವ ಪ್ರಶ್ನೆಗಳು

ನಿಜವಾದ ಓದು ಇಲ್ಲಿದೆ. ಸಿಗ್ನಲ್ ಕೆಟ್ಟು ದೀಪ ಆರಿಹೋಗಿದೆ ಎನ್ನಿ. ನಮ್ಮಲ್ಲಿ ಮೊದಲು ಮೂತಿ ತೂರಿಸಿದವರಿಗೆ ದಾರಿ. ಇಲ್ಲಿ ಆ ಕೂಡುರಸ್ತೆ ತಕ್ಷಣ ನಾಲ್ಕೂ ಕಡೆ ‘ಸ್ಟಾಪ್’ ಫಲಕ ಇರುವ ಜಾಗವಾಗಿಬಿಡುತ್ತದೆ. ಪ್ರತಿಯೊಬ್ಬರೂ ಪೂರ್ತಿ ನಿಲ್ಲಬೇಕು, ಮೊದಲು ಬಂದವರು ಮೊದಲು ಹೋಗಬೇಕು. ಇಬ್ಬರೂ ಒಟ್ಟಿಗೆ ಬಂದರೆ ಬಲಗಡೆ ಇರುವವರಿಗೆ ಬಿಟ್ಟುಕೊಡಬೇಕು. ಪೂರ್ತಿ ನಿಲ್ಲುವುದು ಎಂದರೆ ಚಕ್ರ ಉರುಳುವುದೇ ನಿಲ್ಲುವುದು; ನಿಧಾನಿಸಿ ಇಣುಕಿ ಹೋಗುವುದು ಲೆಕ್ಕಕ್ಕಿಲ್ಲ.

ಕೆಂಪು ದೀಪದಲ್ಲಿ ಬಲಕ್ಕೆ ತಿರುಗಬಹುದೇ? ಬೇಡವೆಂಬ ಫಲಕ ಇಲ್ಲದಿದ್ದರೆ, ಪೂರ್ತಿ ನಿಂತು, ಪಾದಚಾರಿಗಳಿಗೂ ಬರುವ ವಾಹನಗಳಿಗೂ ದಾರಿ ಬಿಟ್ಟು ತಿರುಗಬಹುದು. ಆದರೆ ಅದು ಕೆಂಪು ಬಾಣದ ಗುರುತಾಗಿದ್ದರೆ ತಿರುಗುವಂತಿಲ್ಲ. ಈ ಸೂಕ್ಷ್ಮದಲ್ಲೇ ಅಂಕ ಹೋಗುತ್ತದೆ.

ಹಳದಿ ಶಾಲಾ ಬಸ್ಸಿನ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಎರಡು ಪಥದ ರಸ್ತೆ, ಎದುರಿನಿಂದ ಬಂದ ಬಸ್ಸು ನಿಂತು ಕೆಂಪು ದೀಪ ಮಿನುಗಿಸುತ್ತಿದೆ. ಮೂರು ಉತ್ತರಗಳು: 25 ಮೈಲಿಗೆ ಇಳಿಸಿ ಮುಂದೆ ಹೋಗುವುದು, ಒಮ್ಮೆ ನಿಂತು, ಮಕ್ಕಳಿಲ್ಲದಿದ್ದರೆ ಹೋಗುವುದು, ದೀಪ ಮಿನುಗುವುದು ನಿಲ್ಲುವವರೆಗೂ ನಿಂತಿರುವುದು. ಬಸ್ಸು ಎದುರು ಬದಿಯಲ್ಲಿದೆಯಲ್ಲ, ನಮಗೇನು ಎಂದು ಮೊದಲನೆಯದನ್ನು ಒತ್ತಿದವರಿಗೆ, ವಿವೇಕದ ಮಾತೆಂದು ಎರಡನೆಯದನ್ನು ಒತ್ತಿದವರಿಗೆ, ಇಬ್ಬರಿಗೂ ಅಂಕವಿಲ್ಲ. ಮೂರನೆಯದೇ ಸರಿ. ಕಾನೂನು ಮೀರಿದರೆ ಒಂದು ಸಾವಿರ ಡಾಲರಿನವರೆಗೆ ದಂಡ ಬೀಳಬಹುದು. ಆದರೆ ರಸ್ತೆಯ ಮಧ್ಯೆ ವಿಭಜಕವಿದ್ದರೆ, ಅಥವಾ ಪ್ರತಿ ದಿಕ್ಕಿಗೂ ಎರಡು ಅಥವಾ ಹೆಚ್ಚು ಪಥಗಳಿದ್ದರೆ, ಎದುರು ಬದಿಯವರು ನಿಲ್ಲಬೇಕಾಗಿಲ್ಲ. ಪ್ರಶ್ನೆಯ ಮೊದಲ ಸಾಲಿನಲ್ಲಿ ರಸ್ತೆಯ ವರ್ಣನೆ ಇರುವುದೇ ಇದಕ್ಕಾಗಿ.

ಸೈಕಲ್ ಪಥದ ವಿಷಯವೂ ಹೀಗೇ. ಬಲಕ್ಕೆ ತಿರುಗುವಾಗ ಸೈಕಲ್ ಪಥವನ್ನು ಮುಟ್ಟಬಾರದು ಎಂದು ಸಭ್ಯತೆ ಹೇಳುತ್ತದೆ; ಕೈಪಿಡಿ, ತಿರುವಿಗೆ 200 ಅಡಿ ಇರುವಾಗ, ಸೈಕಲ್ ಸವಾರರಿಲ್ಲವೆಂದು ನೋಡಿಕೊಂಡು, ಅದರೊಳಕ್ಕೆ ಸೇರಿಯೇ ತಿರುಗಿ ಎನ್ನುತ್ತದೆ. ಜೋಡಿ ಹಳದಿ ಗೆರೆ ದಾಟಿ ಓವರ್‌ಟೇಕ್ ಮಾಡುವಂತಿಲ್ಲ, ಆದರೆ ಎಡಗಡೆಯ ಮನೆಯ ದಾರಿಗೆ ತಿರುಗಲು ದಾಟಬಹುದು. ಇನ್ನು ಹಾರ್ನ್! ಅಪಘಾತ ತಪ್ಪಿಸಲು, ಅಥವಾ ಮುಂದೆ 200 ಅಡಿಯೂ ಕಾಣದ ಕಿರಿದಾದ ಬೆಟ್ಟದ ರಸ್ತೆಯಲ್ಲಿ ಅದನ್ನು ಒತ್ತಬಹುದು. ಮುಂದಿನವರು ನಿಧಾನವಾಗಿ ಹೋಗುತ್ತಿದ್ದಾರೆ ಎಂಬುದು ಕಾರಣವಲ್ಲ.

ಎಲ್ಲಿ ಉತ್ತರ ಹೊಳೆಯುವುದಿಲ್ಲವೋ ಅಲ್ಲಿ ಪಾದಚಾರಿಗೆ, ಬಿಳಿ ಕೋಲಿನ ಅಂಧರಿಗೆ, ಎದುರಿನವರಿಗೆ ದಾರಿ ಬಿಡುವ ಉತ್ತರವನ್ನು ಒತ್ತಿ. ಪಾದಚಾರಿ ತಪ್ಪು ಜಾಗದಲ್ಲಿ ದಾಟುತ್ತಿದ್ದರೂ ಜಾಗ್ರತೆ ಚಾಲಕನದೇ.

ಅಭ್ಯಾಸ, ಆಮೇಲೆ ಪರೀಕ್ಷೆ

ಡಿಎಂವಿ ಜಾಲತಾಣದ ಮಾದರಿ ಪರೀಕ್ಷೆಗಳನ್ನು ಬಿಡಿಸಿ. ಸರಿಯಾದದ್ದನ್ನು ಎಣಿಸಿ ಖುಷಿಪಡುವುದಕ್ಕಿಂತ ತಪ್ಪಾದದ್ದರ ಜಾಗವನ್ನು ಕೈಪಿಡಿಯಲ್ಲಿ ಹುಡುಕಿ ಓದಿ. ಹಿರಿಯರಿಗೆ ಆರು ತಪ್ಪು ಮಾಫಿ. ಮನೆಯಲ್ಲಿ ಮೂರಕ್ಕಿಂತ ಹೆಚ್ಚು ತಪ್ಪುತ್ತಿರುವವರೆಗೂ ಹೋಗಬೇಡಿ ಎನ್ನುವುದು ನನ್ನ ಅಭಿಪ್ರಾಯ.

ಕ್ಯಾಮೆರಾ ಇರುವ ಕಂಪ್ಯೂಟರ್ ಇದ್ದರೆ ಪರೀಕ್ಷೆಯನ್ನು ಮನೆಯಿಂದಲೂ ಬರೆಯಬಹುದು. ಬರೆಯುತ್ತಿರುವವರ ಮೇಲೆ ಕ್ಯಾಮೆರಾದ ಕಣ್ಣಿರುತ್ತದೆ. ಪಕ್ಕದಲ್ಲಿ ಪತಿರಾಯರು ಉತ್ತರ ಪಿಸುಗುಟ್ಟುವ ಯೋಜನೆ ಇದ್ದರೆ ಕೈಬಿಡಿ. ಹೀಗೆ ಪಾಸಾದರೂ ಫೋಟೊ, ಹೆಬ್ಬೆರಳ ಗುರುತು, ಕಣ್ಣಿನ ಪರೀಕ್ಷೆಗೆ ಕಚೇರಿಗೆ ಹೋಗಲೇಬೇಕು. ಕಚೇರಿಯಲ್ಲೇ ಬರೆಯುವವರು ಬೆಳಗ್ಗೆಯೇ ಹೋಗಿ; ಸಂಜೆ ನಾಲ್ಕೂವರೆಯ ನಂತರ ಪರೀಕ್ಷೆ ಆರಂಭಿಸಲು ಬಿಡುವುದಿಲ್ಲ. ಕನ್ನಡಕ ಮರೆಯಬೇಡಿ. ಫೋನು ಜೇಬಿನಿಂದ ಹೊರಬರಬಾರದು.

ಪಾಸಾದವರಿಗೆ ಸಿಗುವುದು ಕಲಿಯುವ ಪರ್ಮಿಟ್, ಒಂಟಿಯಾಗಿ ಓಡಿಸುವ ಅನುಮತಿಯಲ್ಲ. ವಯಸ್ಕರ ಪಕ್ಕದಲ್ಲಿ 18 ತುಂಬಿದ, ಕ್ಯಾಲಿಫೋರ್ನಿಯಾ ಲೈಸೆನ್ಸ್ ಇರುವ ಚಾಲಕರು ಕುಳಿತಿರಬೇಕು. ಕಿರಿಯರಿಗಾದರೆ ಜೊತೆಗಾರರಿಗೆ 25 ಆಗಿರಬೇಕು. ಕಿರಿಯರು ಪರ್ಮಿಟ್ಟನ್ನು ಕನಿಷ್ಠ ಆರು ತಿಂಗಳು ಇಟ್ಟುಕೊಂಡು, ಹತ್ತು ಗಂಟೆ ರಾತ್ರಿಯ ಚಾಲನೆಯೂ ಸೇರಿದಂತೆ 50 ಗಂಟೆ ಅಭ್ಯಾಸ ಮಾಡಬೇಕು. ವಯಸ್ಕರಿಗೆ ಈ ಕಾಯುವಿಕೆ ಇಲ್ಲ, ಆದರೆ ರಸ್ತೆ ಪರೀಕ್ಷೆಗೆ ಮೊದಲೇ ಸಮಯ ಕಾಯ್ದಿರಿಸಬೇಕು. ಸ್ಯಾನ್‌ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಕಚೇರಿಗಳಲ್ಲಿ ಬೇಗ ದಿನಾಂಕ ಸಿಗುವುದು ಕಷ್ಟ, ಲಿಖಿತ ಪರೀಕ್ಷೆ ಪಾಸಾದ ಸಂಜೆಯೇ ಹುಡುಕಲು ಕೂರಿ. ಅಂಕಿಗಳ ಹಾಳೆಯನ್ನು ಎಸೆಯಬೇಡಿ. ಕೈಸನ್ನೆಗಳ ಪುಟವನ್ನಂತೂ ಅದರ ಜೊತೆಗೇ ಇಟ್ಟಿರಿ: ರಸ್ತೆ ಪರೀಕ್ಷೆಯ ದಿನ, ಕಾರು ಹೊರಡುವ ಮೊದಲೇ, ಎಡಕ್ಕೆ, ಬಲಕ್ಕೆ, ನಿಲ್ಲುವುದಕ್ಕೆ ಕೈ ಹೇಗೆ ತೋರಿಸುತ್ತೀರಿ ಎಂದು ಪರೀಕ್ಷಕರು ಕೇಳುತ್ತಾರೆ.