ಚೆಕ್ ಮಾಡಲು ಹಾಕಿದ ಎಕೋನೇ ದಾರಿ ತಪ್ಪಿಸಿತು

ದಿನಾ ರಾತ್ರಿ ಓಡುವ ಒಂದು ಬ್ಯಾಕಪ್ ಸ್ಕ್ರಿಪ್ಟ್ ಅನ್ನು ಬ್ಯಾಶ್‌ನಲ್ಲಿ ಬರೆದಿದ್ದೆ. ಟಾರ್ ಕಮಾಂಡ್ ಫೋಲ್ಡರ್ ಅನ್ನು ಕಟ್ಟುತ್ತದೆ, ಅದರ ಮೆಸೇಜುಗಳು ಪೈಪ್ (ಒಂದು ಕಮಾಂಡಿನ ಔಟ್‌ಪುಟ್ ಅನ್ನು ಮುಂದಿನದಕ್ಕೆ ಕೊಡುವ ದಾರಿ) ಮೂಲಕ ಟೀ ಎಂಬ ಕಮಾಂಡಿಗೆ ಹೋಗಿ ಲಾಗ್ ಫೈಲ್ ಸೇರುತ್ತವೆ, ಆಮೇಲೆ $? (ಆಗಷ್ಟೇ ಮುಗಿದ ಕಮಾಂಡಿನ ಫಲಿತಾಂಶದ ಕೋಡ್, ಸೊನ್ನೆ ಅಂದರೆ ಸರಿ) ಸೊನ್ನೆ ಇದ್ದರೆ 'ಬ್ಯಾಕಪ್ ಆಯಿತು' ಅಂತ ಮೇಲ್. ಮೇಲ್ ದಿನಾ ತಪ್ಪದೆ ಬರುತ್ತಿತ್ತು. ಒಂದು ದಿನ ಹಳೆಯ ಫೈಲ್ ಬೇಕಾಗಿ ತೆರೆದು ನೋಡಿದರೆ ಅರ್ಧಂಬರ್ಧ ಬ್ಯಾಕಪ್! ಡಿಸ್ಕ್ ತುಂಬಿತ್ತು. ಲಾಗ್ ಬೇರೆ ಡಿಸ್ಕ್‌ನಲ್ಲಿತ್ತು, ಅದನ್ನು ನಾನು ತೆರೆದೇ ಇರಲಿಲ್ಲ.

ಸರಿ, ಬೇಕಂತಲೇ ಇಲ್ಲದ ಫೋಲ್ಡರ್ ಹೆಸರು ಕೊಟ್ಟು ಓಡಿಸಿದೆ. ಇಫ್ ಸಾಲಿನ ಮೇಲೆ ಎಕೋ ಹಾಕಿ $? ಪ್ರಿಂಟ್ ಮಾಡಿದೆ. ಅಂಥ ಫೋಲ್ಡರೇ ಇಲ್ಲ ಅಂತ ಟಾರ್ ಕೂಗುತ್ತಿದೆ, ಕೋಡ್ ಮಾತ್ರ 0. ಪೈಪ್ ತೆಗೆದು ಟಾರ್ ಒಂದನ್ನೇ ಓಡಿಸಿದಾಗ 2 ಬಂತು. ಪೈಪ್‌ನಲ್ಲಿ $? ಕೊಡುವುದು ಕೊನೆಯ ಕಮಾಂಡಿನ ಕೋಡ್, ಇಲ್ಲಿ ಕೊನೆಯದು ಟೀ. ಪಾಪ, ಅದು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು.

ಪೈಪ್‌ನಲ್ಲಿ ಯಾವ ಕಮಾಂಡ್ ಫೇಲ್ ಆದರೂ $? ಅದನ್ನು ತೋರಿಸಲಿ ಅಂತ ಸ್ಕ್ರಿಪ್ಟಿನ ಮೇಲೆ 'ಸೆಟ್ -ಓ ಪೈಪ್‌ಫೇಲ್' ಹಾಕಿದೆ. ಈಗ ಎಕೋ 2 ಅಂತಲೇ ತೋರಿಸಿತು. ಆದರೂ 'ಬ್ಯಾಕಪ್ ಆಯಿತು' ಅಂತಲೇ ಮೇಲ್ ಬಂತು! ಕಣ್ಣೆದುರೇ 2 ಇದೆ, ಕೆಳಗಿನ ಸಾಲಿನಲ್ಲಿ ಇಫ್ ಅದನ್ನೇ 0 ಅನ್ನುತ್ತಿದೆ. ಬ್ರ್ಯಾಕೆಟ್ ಒಳಗಿನ ಸ್ಪೇಸ್, ಕೋಟ್ಸ್ ಎಲ್ಲ ಬದಲಾಯಿಸಿ ನೋಡಿ ಅರ್ಧ ಗಂಟೆ ಸುಮ್ನೆ ಹಾಳು ಮಾಡಿದೆ. ಕೊನೆಗೆ ಓಡುವ ಪ್ರತಿ ಕಮಾಂಡನ್ನೂ ತೋರಿಸುವ 'ಬ್ಯಾಶ್ -ಎಕ್ಸ್' ಕೊಟ್ಟು ಸಾಲು ಸಾಲಾಗಿ ಓದುವಾಗ ಹೊಳೆಯಿತು, ಎಕೋ ಕೂಡ ಒಂದು ಕಮಾಂಡೇ ಅಲ್ವಾ? ಅದು ಪ್ರಿಂಟ್ ಮಾಡಿ ಮುಗಿಸಿದ ಕೂಡಲೇ $? ಅದರದ್ದಾಗಿಬಿಡುತ್ತದೆ, ಅಂದರೆ 0. ಈಗ ಪೈಪ್ ಮುಗಿದ ಮುಂದಿನ ಸಾಲಿನಲ್ಲೇ $? ಅನ್ನು ಒಂದು ವೇರಿಯಬಲ್‌ಗೆ ಹಾಕಿಟ್ಟು, ಎಕೋ ಮತ್ತು ಇಫ್ ಎರಡಕ್ಕೂ ಅದನ್ನೇ ಕೊಡುತ್ತೇನೆ.

ಪೈಪ್‌ಫೇಲ್ ಬಂದಮೇಲೆ ಇನ್ನೊಂದು ಕಡೆ ಕೆಟ್ಟಿತು. ಲಾಗಿನಲ್ಲಿ ಎರರ್ ಸಾಲುಗಳನ್ನು ಗ್ರೆಪ್‌ನಿಂದ ಹುಡುಕಿ, ಪೈಪ್‌ನ ಮುಂದಿನ ಕಮಾಂಡಿನಿಂದ ಎಣಿಸುತ್ತಿದ್ದೆ. ಗ್ರೆಪ್‌ಗೆ ಸಿಕ್ಕರೆ 0, ಸಿಗದಿದ್ದರೆ 1, ನಿಜವಾದ ತೊಂದರೆಗೆ 2. ಎರರ್ ಒಂದೂ ಇಲ್ಲದ ದಿನವೇ ಸ್ಕ್ರಿಪ್ಟ್ 'ಫೇಲ್' ಅಂದಿತು! ಅಲ್ಲಿ 1 ಅನ್ನು ಬಿಟ್ಟು, 2 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮಾತ್ರ ಫೇಲ್ ಅಂತ ಬರೆದೆ.

ಫಂಕ್ಷನ್ ಒಳಗೂ ಇದೇ ಕಾಟ ಇತ್ತು. ವೇರಿಯಬಲ್ ಈ ಫಂಕ್ಷನ್‌ಗಷ್ಟೇ ಸೇರಿದ್ದು ಅಂತ ಹೇಳುವ ಲೋಕಲ್ ಕಮಾಂಡ್ ಬರೆದ ಸಾಲಿನಲ್ಲೇ ಕಮಾಂಡಿನ ಔಟ್‌ಪುಟ್ ಹಿಡಿದರೆ $? ಬರುವುದು ಲೋಕಲ್‌ನದ್ದು, ಕಮಾಂಡಿನದ್ದಲ್ಲ. ಅದನ್ನೂ ಎರಡು ಸಾಲು ಮಾಡಿದೆ.